ಫ್ಲೂ ಅನಿಲ ವಿಶ್ಲೇಷಕ

ಫ್ಲೂ ಅನಿಲ ವಿಶ್ಲೇಷಕ ಅಥವಾ ದಹನ ವಿಶ್ಲೇಷಕ ಎಂಬುದು ಬಾಯ್ಲರ್, ಕುಲುಮೆ, ಬರ್ನರ್ ಮೊದಲಾದವುಗಳಿಂದ ಚಿಮಣಿಯ ಕಡೆಗೆ ಸಾಗುವ ಹೊಗೆಯ ಮಾದರಿಯನ್ನು ಹೀರಿಕೊಂಡು, ಅದರಲ್ಲಿರುವ ಅನಿಲಗಳ ಪ್ರಮಾಣವನ್ನೂ ಉಷ್ಣತೆಯನ್ನೂ ತೋರಿಸುವ ಉಪಕರಣ. ಕೈಯಲ್ಲಿ ಹಿಡಿದು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ಮಾದರಿಗಳು ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ. ಇಂಧನವು ಪೂರ್ಣವಾಗಿ ಉರಿಯುತ್ತಿದೆಯೇ, ಬೇಕಾದುದಕ್ಕಿಂತ ಹೆಚ್ಚು ಗಾಳಿ ಒಳಹೋಗುತ್ತಿದೆಯೇ, ಎಷ್ಟು ಶಾಖವು ಚಿಮಣಿಯ ಮೂಲಕ ವ್ಯರ್ಥವಾಗುತ್ತಿದೆ, ವಿಷಾನಿಲ ಉಂಟಾಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಈ ಉಪಕರಣದಿಂದ ಉತ್ತರ ದೊರೆಯುತ್ತದೆ. ಆದರೆ ಪರದೆಯ ಮೇಲೆ ಮೂಡುವ ಅಂಕಿಯು ನಂಬಲರ್ಹವಾಗಬೇಕಾದರೆ ಉಪಕರಣವನ್ನು ಕ್ರಮಬದ್ಧವಾಗಿ ಬಳಸಿರಬೇಕು ಮತ್ತು ನಿಯಮಿತವಾಗಿ ನಿರ್ವಹಿಸಿರಬೇಕು. ಕೆಟ್ಟುನಿಂತ ಉಪಕರಣಕ್ಕಿಂತ ತಪ್ಪು ಅಂಕಿಯನ್ನು ತೋರಿಸುತ್ತಿರುವ ಉಪಕರಣವೇ ಹೆಚ್ಚು ಅಪಾಯಕಾರಿ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಆರ್ಸಾಟ್ ಉಪಕರಣವು ಹೊಗೆ ಅನಿಲವನ್ನು ವಿಶ್ಲೇಷಿಸುವ ಹಳೆಯ ಸಾಧನ. ಇದರಲ್ಲಿ ಅಳತೆ ಮಾಡಿದ ಅನಿಲವನ್ನು ಮೂರು ದ್ರಾವಣಗಳ ಮೂಲಕ ಒಂದಾದ ಮೇಲೊಂದರಂತೆ ಹಾಯಿಸಲಾಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವು ಇಂಗಾಲದ ಡೈಆಕ್ಸೈಡನ್ನೂ, ಕ್ಷಾರೀಯ ಪೈರೊಗ್ಯಾಲಾಲ್ ದ್ರಾವಣವು ಆಮ್ಲಜನಕವನ್ನೂ, ಕ್ಯುಪ್ರಸ್ ಕ್ಲೋರೈಡ್ ದ್ರಾವಣವು ಇಂಗಾಲದ ಮಾನಾಕ್ಸೈಡನ್ನೂ ಹೀರಿಕೊಳ್ಳುತ್ತವೆ. ಪ್ರತಿ ಹಂತದಲ್ಲಿ ಅನಿಲದ ಗಾತ್ರ ಎಷ್ಟು ಕುಗ್ಗಿತು ಎಂಬುದೇ ಆ ಅನಿಲದ ಪ್ರಮಾಣ. ವಿಧಾನವು ಸರಳವಾದರೂ ನಿಧಾನವಾದುದು. ಅತ್ಯಲ್ಪ ಪ್ರಮಾಣದ ಇಂಗಾಲದ ಮಾನಾಕ್ಸೈಡನ್ನು ಇದರಿಂದ ಗುರುತಿಸಲಾಗದು. ವಿದ್ಯುದ್ರಾಸಾಯನಿಕ ಸಂವೇದಕಗಳು ಬಂದ ಮೇಲೆ ಇದೇ ಕೆಲಸವು ಕೆಲವೇ ನಿಮಿಷಗಳಲ್ಲಿ ಆಗತೊಡಗಿತು.

ದಹನದ ತತ್ತ್ವ

ಗಾಳಿಯಲ್ಲಿ ಸುಮಾರು ಶೇ. 20.9ರಷ್ಟು ಆಮ್ಲಜನಕ ಹಾಗೂ ಸುಮಾರು ಶೇ. 78ರಷ್ಟು ಸಾರಜನಕ ಇರುತ್ತವೆ. ಇಂಧನದಲ್ಲಿರುವ ಇಂಗಾಲವು ಆಮ್ಲಜನಕದೊಡನೆ ಪೂರ್ಣವಾಗಿ ಸಂಯೋಗಗೊಂಡಾಗ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಆಮ್ಲಜನಕ ಸಾಲದಾದಾಗ ಅಥವಾ ಇಂಧನ ಮತ್ತು ಗಾಳಿ ಸರಿಯಾಗಿ ಬೆರೆಯದಿದ್ದಾಗ ಇಂಗಾಲದ ಮಾನಾಕ್ಸೈಡ್ ಉಂಟಾಗುತ್ತದೆ. 1 ಕಿಲೋಗ್ರಾಂ ಇಂಗಾಲವು ಡೈಆಕ್ಸೈಡ್ ಆಗಿ ಉರಿದರೆ ಸುಮಾರು 8,080 ಕಿಲೊಕ್ಯಾಲೊರಿ ಶಾಖ ಬಿಡುಗಡೆಯಾಗುತ್ತದೆ. ಮಾನಾಕ್ಸೈಡ್ ಆಗಿ ಉರಿದರೆ ಸುಮಾರು 2,430 ಕಿಲೊಕ್ಯಾಲೊರಿ ಮಾತ್ರ. ಅಂದರೆ ಶಾಖದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಪಾಲು ಬಳಕೆಗೆ ಬಾರದೆ ಹೋಗುತ್ತದೆ.

ಹಾಗೆಂದು ಮಿತಿಮೀರಿ ಗಾಳಿ ಕೊಡುವುದೂ ಸರಿಯಲ್ಲ. ದಹನಕ್ಕೆ ಬೇಡವಾದ ಗಾಳಿಯು ತಣ್ಣಗೆ ಒಳಬಂದು, ಕುಲುಮೆಯಲ್ಲಿ ಕಾದು, ಆ ಶಾಖವನ್ನು ಹೊತ್ತುಕೊಂಡೇ ಚಿಮಣಿಯಿಂದ ಹೊರಹೋಗುತ್ತದೆ. ಆದ್ದರಿಂದ ಗಾಳಿಯು ಕಡಿಮೆಯೂ ಆಗದಂತೆ ಹೆಚ್ಚೂ ಆಗದಂತೆ ನೋಡಿಕೊಳ್ಳುವುದೇ ದಹನ ನಿಯಂತ್ರಣದ ತಿರುಳು. ವಿಶ್ಲೇಷಕವು ಈ ನಡುವಣ ಬಿಂದುವನ್ನು ತೋರಿಸಿಕೊಡುತ್ತದೆ.

ವಿಜಯಪುರ ಜಿಲ್ಲೆಯ ಸಂದರ್ಭ

ಭೀಮಾ ಮತ್ತು ಕೃಷ್ಣಾ ನದಿಗಳ ನೀರಾವರಿಯಿಂದ ವಿಜಯಪುರ ಜಿಲ್ಲೆಯಲ್ಲಿ ಕಬ್ಬಿನ ಬೆಳೆ ವಿಸ್ತರಿಸಿದೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಸಿಂದಗಿ ತಾಲ್ಲೂಕಿನ ಮಲಘಾಣ, ಮುದ್ದೇಬಿಹಾಳ ತಾಲ್ಲೂಕಿನ ಯರಗಲ್ಲಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬನ್ನು ಅರೆದ ಮೇಲೆ ಉಳಿಯುವ, ಬಗಾಸ್ ಎಂದು ಕರೆಯಲಾಗುವ ಸಿಪ್ಪೆಯೇ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಮುಖ್ಯ ಇಂಧನ. ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲಿ ಎನ್‌ಟಿಪಿಸಿ ಸಂಸ್ಥೆಯ ಕಲ್ಲಿದ್ದಲು ಆಧಾರಿತ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದ್ದು, ತಲಾ 800 ಮೆಗಾವಾಟ್‌ನ ಮೂರು ಘಟಕಗಳಿಂದ ಒಟ್ಟು 2,400 ಮೆಗಾವಾಟ್ ಸಾಮರ್ಥ್ಯ ಹೊಂದಿದೆ.

ಹೀಗೆ ಒಂದೇ ಜಿಲ್ಲೆಯಲ್ಲಿ ತೀರ ಭಿನ್ನವಾದ ಎರಡು ಬಗೆಯ ಇಂಧನಗಳು ಉರಿಯುತ್ತವೆ. ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡಿ ಉರಿಸುವ ದೊಡ್ಡ ಸ್ಥಾವರಗಳಲ್ಲಿ ಹೊಗೆಮಾರ್ಗದಲ್ಲಿಯೇ ಸ್ಥಿರವಾಗಿ ಅಳವಡಿಸಿದ ಮಾಪಕಗಳು ದಿನವಿಡೀ ಅಳೆಯುತ್ತಿರುತ್ತವೆ. ಅಂಥಲ್ಲಿ ಕೈ ವಿಶ್ಲೇಷಕದ ಕೆಲಸವು ಅವುಗಳನ್ನು ತಾಳೆ ನೋಡುವುದು. ಬಗಾಸ್ ಬಾಯ್ಲರುಗಳಲ್ಲಿ, ಡೀಸೆಲ್ ಅಥವಾ ಸೌದೆ ಉರಿಸುವ ಸಣ್ಣ ಬಾಯ್ಲರುಗಳಲ್ಲಿ ಕೈ ವಿಶ್ಲೇಷಕವೇ ಎಷ್ಟೋ ವೇಳೆ ಮುಖ್ಯ ಆಧಾರ. ಗಿರಣಿಯಿಂದ ಬರುವ ಬಗಾಸಿನಲ್ಲಿ ತೂಕದ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಆದ್ದರಿಂದ ಅದರ ಹೊಗೆಯಲ್ಲಿ ನೀರಾವಿಯೂ ಹಾರುಬೂದಿಯೂ ಹೆಚ್ಚು. ಇವೆರಡೂ ವಿಶ್ಲೇಷಕಕ್ಕೆ ಶತ್ರುಗಳು.

ಉಪಕರಣದ ಭಾಗಗಳು

ಪ್ರೋಬ್: ಹೊಗೆಮಾರ್ಗದ ರಂಧ್ರದೊಳಗೆ ತೂರಿಸುವ ಉದ್ದನೆಯ ಸ್ಟೀಲ್ ಕೊಳವೆ. ಅದರ ತುದಿಯಲ್ಲಿ ಉಷ್ಣತೆಯನ್ನು ಅಳೆಯುವ ಉಷ್ಣಯುಗ್ಮವಿರುತ್ತದೆ.

ನೀರು ಹಿಡಿಯುವ ಬಟ್ಟಲು: ಹೊಗೆಯಲ್ಲಿನ ನೀರಾವಿಯು ತಣಿದು ಹನಿಗಟ್ಟಿದಾಗ ಆ ನೀರು ಸಂವೇದಕಗಳನ್ನು ತಲುಪದಂತೆ ತಡೆಯುವ ಭಾಗ.

ಫಿಲ್ಟರ್: ಮಸಿ ಮತ್ತು ಬೂದಿಯ ಕಣಗಳನ್ನು ತಡೆಯುವ ಭಾಗ.

ಪಂಪ್: ನಿಗದಿತ ವೇಗದಲ್ಲಿ ಅನಿಲವನ್ನು ಒಳಗೆ ಎಳೆದುಕೊಳ್ಳುತ್ತದೆ.

ಸಂವೇದಕಗಳು: ಆಮ್ಲಜನಕಕ್ಕೆ ಒಂದು, ಇಂಗಾಲದ ಮಾನಾಕ್ಸೈಡಿಗೆ ಒಂದು ಎಲ್ಲ ಮಾದರಿಗಳಲ್ಲಿಯೂ ಸಾಮಾನ್ಯ. ಕೆಲವು ಮಾದರಿಗಳಲ್ಲಿ ನೈಟ್ರಿಕ್ ಆಕ್ಸೈಡ್, ಗಂಧಕದ ಡೈಆಕ್ಸೈಡುಗಳಿಗೂ ಪ್ರತ್ಯೇಕ ಸಂವೇದಕಗಳಿರುತ್ತವೆ. ಅನಿಲವು ಸಂವೇದಕದ ಒಳಗಿನ ವಿದ್ಯುದ್ವಾರದಲ್ಲಿ ರಾಸಾಯನಿಕ ಕ್ರಿಯೆಗೆ ಒಳಗಾದಾಗ ಅದರ ಪ್ರಮಾಣಕ್ಕೆ ಅನುಗುಣವಾದ ಅಲ್ಪ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹವನ್ನೇ ಉಪಕರಣವು ಅಂಕಿಯಾಗಿ ಪರಿವರ್ತಿಸುತ್ತದೆ.

ಅಳೆದ ಅಂಕಿ ಮತ್ತು ಲೆಕ್ಕ ಹಾಕಿದ ಅಂಕಿ

ಪರದೆಯ ಮೇಲೆ ಕಾಣುವ ಎಲ್ಲ ಅಂಕಿಗಳೂ ನೇರವಾಗಿ ಅಳೆದವುಗಳಲ್ಲ. ಸಾಮಾನ್ಯ ಮಾದರಿಗಳಲ್ಲಿ ಆಮ್ಲಜನಕ, ಇಂಗಾಲದ ಮಾನಾಕ್ಸೈಡ್, ಹೊಗೆಯ ಉಷ್ಣತೆ, ಸುತ್ತಲಿನ ಗಾಳಿಯ ಉಷ್ಣತೆ ಮತ್ತು ಹೊಗೆಮಾರ್ಗದ ಒತ್ತಡ ಇವು ಅಳೆದ ಅಂಕಿಗಳು. ಇಂಗಾಲದ ಡೈಆಕ್ಸೈಡ್, ಹೆಚ್ಚುವರಿ ಗಾಳಿ ಮತ್ತು ದಕ್ಷತೆ ಇವು ಆಯ್ಕೆ ಮಾಡಿದ ಇಂಧನವನ್ನು ಆಧರಿಸಿ ಲೆಕ್ಕ ಹಾಕಿದ ಅಂಕಿಗಳು. ಇಂಧನದ ಆಯ್ಕೆ ತಪ್ಪಾಗಿದ್ದರೆ ಮೊದಲ ಗುಂಪಿನ ಅಂಕಿಗಳು ಬದಲಾಗುವುದಿಲ್ಲ. ಡೈಆಕ್ಸೈಡ್ ಮತ್ತು ದಕ್ಷತೆಯ ಅಂಕಿಗಳು ತಪ್ಪಾಗುತ್ತವೆ.

ಹೆಚ್ಚುವರಿ ಗಾಳಿಯನ್ನು ಕೈಲೆಕ್ಕದಿಂದಲೂ ತಿಳಿಯಬಹುದು. ಹೊಗೆಯಲ್ಲಿನ ಆಮ್ಲಜನಕದ ಶೇಕಡಾ ಪ್ರಮಾಣವನ್ನು, 20.9ರಿಂದ ಅದೇ ಪ್ರಮಾಣವನ್ನು ಕಳೆದಾಗ ಬರುವ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ಆಮ್ಲಜನಕವು ಶೇ. 6 ಇದ್ದರೆ 6ನ್ನು 14.9ರಿಂದ ಭಾಗಿಸಿದಾಗ ಹೆಚ್ಚುವರಿ ಗಾಳಿಯು ಸುಮಾರು ಶೇ. 40 ಎಂದಾಗುತ್ತದೆ. ಆಮ್ಲಜನಕವು ಶೇ. 9 ಆದರೆ ಹೆಚ್ಚುವರಿ ಗಾಳಿಯು ಸುಮಾರು ಶೇ. 76ಕ್ಕೆ ಏರುತ್ತದೆ. ಆಮ್ಲಜನಕದ ಅಂಕಿಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸವು ಗಾಳಿಯ ಪ್ರಮಾಣದಲ್ಲಿ ದೊಡ್ಡದಾಗಿರುತ್ತದೆ.

ಶಾಖನಷ್ಟದ ಅಂದಾಜಿಗೆ ಸೀಗರ್ಟ್ ಸೂತ್ರವನ್ನು ಬಳಸಲಾಗುತ್ತದೆ. ಡೀಸೆಲ್ ಉರಿಸುವ ಬಾಯ್ಲರೊಂದರಲ್ಲಿ ಹೊಗೆಯ ಉಷ್ಣತೆ 220 ಡಿಗ್ರಿ ಸೆಲ್ಸಿಯಸ್, ಸುತ್ತಲಿನ ಗಾಳಿ 30 ಡಿಗ್ರಿ, ಆಮ್ಲಜನಕ ಶೇ. 6 ಇದ್ದರೆ ಈ ಸೂತ್ರದಂತೆ ಹೊಗೆಯ ಮೂಲಕ ಆಗುವ ನಷ್ಟ ಸುಮಾರು ಶೇ. 10. ಉಷ್ಣತೆ ಅಷ್ಟೇ ಇದ್ದು ಆಮ್ಲಜನಕವು ಶೇ. 10ಕ್ಕೆ ಏರಿದರೆ ನಷ್ಟವು ಸುಮಾರು ಶೇ. 13 ಆಗುತ್ತದೆ. ಪ್ರತಿ 100 ಲೀಟರ್ ಡೀಸೆಲ್‌ನಲ್ಲಿ ಸುಮಾರು 3 ಲೀಟರಿನ ಶಾಖವು ಬೇಡವಾದ ಗಾಳಿಯನ್ನು ಕಾಯಿಸಲು ವ್ಯಯವಾಯಿತು ಎಂದು ಇದರ ಅರ್ಥ.

ಈ ಸೂತ್ರವು ನಿವ್ವಳ ಕ್ಯಾಲೊರಿ ಮೌಲ್ಯವನ್ನು ಆಧರಿಸಿದೆ. ಇಂಧನದ ತೇವವನ್ನು ಆವಿ ಮಾಡಲು ತಗಲುವ ಶಾಖವನ್ನು ನಷ್ಟವೆಂದು ಎಣಿಸುವುದಿಲ್ಲ. ಅರ್ಧದಷ್ಟು ನೀರಿರುವ ಬಗಾಸಿನಲ್ಲಿ ಆ ಶಾಖವೇ ದೊಡ್ಡ ಮೊತ್ತ. ಒಟ್ಟು ಕ್ಯಾಲೊರಿ ಮೌಲ್ಯದ ಆಧಾರದಲ್ಲಿ ಬಗಾಸ್ ಬಾಯ್ಲರಿನ ದಕ್ಷತೆಯು ಸುಮಾರು ಶೇ. 70ರ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಕೈ ವಿಶ್ಲೇಷಕವು ತೋರಿಸುವ ಹೆಚ್ಚಿನ ದಕ್ಷತೆಯನ್ನು ಕಾರ್ಖಾನೆಯ ದಾಖಲೆಯಲ್ಲಿರುವ ಅಂಕಿಯೊಡನೆ ಹಾಗೆಯೇ ಹೋಲಿಸಬಾರದು.

ಬಳಕೆಯ ಕ್ರಮ

ಮೊದಲನೆಯದಾಗಿ ಬ್ಯಾಟರಿ, ರಬ್ಬರ್ ನಳಿಕೆ, ಫಿಲ್ಟರ್ ಮತ್ತು ನೀರಿನ ಬಟ್ಟಲನ್ನು ಪರೀಕ್ಷಿಸಬೇಕು. ಫಿಲ್ಟರ್ ಕಪ್ಪಾಗಿದ್ದರೆ ಬದಲಾಯಿಸಬೇಕು. ಬಟ್ಟಲಿನಲ್ಲಿ ನೀರಿದ್ದರೆ ಚೆಲ್ಲಬೇಕು.

ಎರಡನೆಯದಾಗಿ ಉಪಕರಣವನ್ನು ಶುದ್ಧ ಗಾಳಿಯಲ್ಲಿ ಚಾಲನೆ ಮಾಡಿ ಶೂನ್ಯಕ್ಕೆ ತರಬೇಕು. ಈ ಹಂತದಲ್ಲಿ ಉಪಕರಣವು ತನ್ನ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇದೆ, ಇಂಗಾಲದ ಮಾನಾಕ್ಸೈಡ್ ಇಲ್ಲ ಎಂದು ನಂಬಿಕೊಳ್ಳುತ್ತದೆ. ಬಾಯ್ಲರ್ ಮನೆಯೊಳಗೇ ಚಾಲನೆ ಮಾಡಿದಾಗ ಅಲ್ಲಿನ ಗಾಳಿಯಲ್ಲಿ 30 ಪಿಪಿಎಂ ಮಾನಾಕ್ಸೈಡ್ ಇದ್ದರೆ, ಆ 30ನ್ನೇ ಸೊನ್ನೆಯೆಂದು ಗ್ರಹಿಸಿ ಮುಂದಿನ ಎಲ್ಲ ಅಳತೆಗಳಲ್ಲಿಯೂ ಅಷ್ಟು ಕಡಿಮೆ ತೋರಿಸುತ್ತದೆ. ಆದ್ದರಿಂದ ಈ ಕೆಲಸವನ್ನು ಹೊರಗೆ, ವಾಹನಗಳ ಹೊಗೆಯಿಂದಲೂ ದೂರದಲ್ಲಿ ಮಾಡಬೇಕು.

ಮೂರನೆಯದಾಗಿ ಸೋರಿಕೆಯ ಪರೀಕ್ಷೆ. ಪ್ರೋಬಿನ ತುದಿಯನ್ನು ಮುಚ್ಚಿದಾಗ ಪಂಪಿನ ಹರಿವು ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲಿಂದಲೋ ಹೊರಗಾಳಿ ಒಳಬರುತ್ತಿದೆ ಎಂದರ್ಥ. ಹೀಗೆ ನುಸುಳಿದ ಗಾಳಿಯು ಆಮ್ಲಜನಕದ ಅಂಕಿಯನ್ನು ಹೆಚ್ಚಿಸಿ ಮಾನಾಕ್ಸೈಡಿನ ಅಂಕಿಯನ್ನು ತಗ್ಗಿಸುತ್ತದೆ.

ನಾಲ್ಕನೆಯದಾಗಿ ಇಂಧನವನ್ನು ಆಯ್ಕೆ ಮಾಡಿ, ಮಾದರಿ ತೆಗೆಯುವ ಸ್ಥಳವನ್ನು ನಿರ್ಧರಿಸಬೇಕು. ಪ್ರೋಬಿನ ತುದಿಯು ಹೊಗೆಯ ಹರಿವಿನ ನಡುಭಾಗದಲ್ಲಿರಬೇಕು. ದೊಡ್ಡ ಮಾರ್ಗಗಳಲ್ಲಿ ಒಂದೇ ಬಿಂದುವಿನ ಅಳತೆ ಸಾಲದು. ಹಲವು ಬಿಂದುಗಳಲ್ಲಿ ಅಳೆದು ಸರಾಸರಿ ತೆಗೆಯಬೇಕು. ಗಾಳಿ ಕಾಯಿಸುವ ಭಾಗದಲ್ಲಿ ಸೋರಿಕೆ ಸಾಮಾನ್ಯವಾದುದರಿಂದ, ದಹನದ ಸ್ಥಿತಿಯನ್ನು ತಿಳಿಯಲು ಅದಕ್ಕೂ ಮೊದಲೇ ಅಳೆಯಬೇಕು. ಚಿಮಣಿಯ ಶಾಖನಷ್ಟವನ್ನು ತಿಳಿಯಲು ಅದರ ನಂತರ, ಉಷ್ಣತೆ ಮತ್ತು ಆಮ್ಲಜನಕ ಎರಡನ್ನೂ ಒಂದೇ ಸ್ಥಳದಲ್ಲಿ ಅಳೆಯಬೇಕು.

ಐದನೆಯದಾಗಿ ಬಾಯ್ಲರ್ ಒಂದೇ ಹದದ ಹೊರೆಯಲ್ಲಿ ಸಾಗುತ್ತಿರುವಾಗ ಅಂಕಿಗಳು ಸ್ಥಿರವಾಗುವವರೆಗೆ ಕಾಯಬೇಕು. ಬಗಾಸ್ ಒಂದೇ ಸಮನೆ ಬೀಳದ ಕಾರಣ ಅಂಕಿಗಳು ಏರಿಳಿಯುತ್ತವೆ. ಒಂದು ಕ್ಷಣದ ಅಂಕಿಯನ್ನು ಬರೆದುಕೊಳ್ಳದೆ ಹತ್ತು ಹದಿನೈದು ನಿಮಿಷಗಳ ಸರಾಸರಿಯನ್ನು ಪಡೆಯುವುದು ಒಳ್ಳೆಯದು.

ಕೊನೆಯದಾಗಿ ಪ್ರೋಬನ್ನು ಹೊರತೆಗೆದು, ಆಮ್ಲಜನಕವು 20.9ಕ್ಕೂ ಮಾನಾಕ್ಸೈಡ್ ಸೊನ್ನೆಗೂ ಬರುವವರೆಗೆ ಶುದ್ಧ ಗಾಳಿಯಲ್ಲಿ ಪಂಪನ್ನು ಓಡಿಸಿ, ಆ ಬಳಿಕವೇ ಉಪಕರಣವನ್ನು ನಿಲ್ಲಿಸಬೇಕು. ಹೊಗೆ ತುಂಬಿರುವಾಗಲೇ ನಿಲ್ಲಿಸಿದರೆ ತೇವ ಮತ್ತು ಆಮ್ಲೀಯ ಅನಿಲಗಳು ಸಂವೇದಕದ ಬಳಿಯೇ ಉಳಿಯುತ್ತವೆ.

ಅಂಕಿಗಳ ಅರ್ಥ

ಆಮ್ಲಜನಕ ಮತ್ತು ಮಾನಾಕ್ಸೈಡಿನ ಅಂಕಿಗಳನ್ನು ಯಾವಾಗಲೂ ಜೊತೆಯಾಗಿ ಓದಬೇಕು.

ಆಮ್ಲಜನಕ ಹೆಚ್ಚು, ಮಾನಾಕ್ಸೈಡ್ ಕಡಿಮೆ: ಗಾಳಿ ಬೇಕಾದುದಕ್ಕಿಂತ ಹೆಚ್ಚಾಗಿದೆ, ಇಲ್ಲವೇ ಹೊರಗಾಳಿ ಸೋರಿ ಬರುತ್ತಿದೆ.

ಆಮ್ಲಜನಕ ಕಡಿಮೆ, ಮಾನಾಕ್ಸೈಡ್ ಹೆಚ್ಚು: ಗಾಳಿ ಸಾಲದು.

ಎರಡೂ ಹೆಚ್ಚು: ಗಾಳಿ ಇದ್ದರೂ ಇಂಧನದೊಡನೆ ಬೆರೆಯುತ್ತಿಲ್ಲ. ಬಗಾಸ್ ತೀರ ಒದ್ದೆಯಾಗಿರಬಹುದು, ಜಾಲರಿಯ ಮೇಲೆ ಒಂದೆಡೆ ರಾಶಿ ಬಿದ್ದಿರಬಹುದು ಅಥವಾ ಜ್ವಾಲೆ ತಣಿಯುತ್ತಿರಬಹುದು.

ಎರಡೂ ಕಡಿಮೆ: ದಹನ ಚೆನ್ನಾಗಿದೆ.

ಬಗಾಸ್ ಬಾಯ್ಲರುಗಳಲ್ಲಿ ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಹೆಚ್ಚುವರಿ ಗಾಳಿ, ಅಂದರೆ ಹೊಗೆಯಲ್ಲಿ ಸುಮಾರು ಶೇ. 5ರಿಂದ 6ರಷ್ಟು ಆಮ್ಲಜನಕ ಇರುವಂತೆ ನೋಡಿಕೊಳ್ಳಲಾಗುತ್ತದೆ. ಹೊಂದಾಣಿಕೆ ಮಾಡುವಾಗ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ, ಮಾನಾಕ್ಸೈಡ್ ಏರತೊಡಗಿದೊಡನೆ ನಿಲ್ಲಿಸಿ, ಒಂದಿಷ್ಟು ಗಾಳಿಯನ್ನು ಮತ್ತೆ ಹೆಚ್ಚಿಸುವುದು ವಾಡಿಕೆ. ಈ ಕೆಲಸವನ್ನು ಬಾಯ್ಲರಿನ ಹೊಣೆ ಹೊತ್ತ ಅರ್ಹ ಸಿಬ್ಬಂದಿಯೇ ಮಾಡಬೇಕು.

ಮಾನಾಕ್ಸೈಡಿನ ಅಂಕಿಯನ್ನು ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಹೆಚ್ಚುವರಿ ಗಾಳಿಯು ಹೊಗೆಯನ್ನು ತೆಳುವಾಗಿಸುವುದರಿಂದ 200 ಪಿಪಿಎಂ ಎಂಬುದಕ್ಕೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಗಾಳಿಯನ್ನು ಲೆಕ್ಕದಿಂದ ತೆಗೆದುಹಾಕಿದರೆ, ಆಮ್ಲಜನಕ ಶೇ. 5 ಇರುವಾಗಿನ 200 ಪಿಪಿಎಂ ಸುಮಾರು 263 ಆಗುತ್ತದೆ, ಆಮ್ಲಜನಕ ಶೇ. 10 ಇರುವಾಗಿನ 200 ಪಿಪಿಎಂ ಸುಮಾರು 383 ಆಗುತ್ತದೆ.

ಸ್ಥಿರ ಮಾಪಕದೊಡನೆ ಹೋಲಿಕೆ

ಹೊಗೆಮಾರ್ಗದಲ್ಲಿ ಅಳವಡಿಸುವ ಜಿರ್ಕೋನಿಯಾ ಆಮ್ಲಜನಕ ಮಾಪಕವು ನೀರಾವಿ ಸಮೇತವಾದ ಬಿಸಿ ಹೊಗೆಯನ್ನೇ ಅಳೆಯುತ್ತದೆ. ಕೈ ವಿಶ್ಲೇಷಕವು ನೀರನ್ನು ಬೇರ್ಪಡಿಸಿದ ಬಳಿಕ ಅಳೆಯುತ್ತದೆ. ಹೊಗೆಯಲ್ಲಿ ಶೇ. 20ರಷ್ಟು ನೀರಾವಿ ಇದ್ದರೆ, ಕೈ ವಿಶ್ಲೇಷಕವು ಶೇ. 6 ಎಂದು ತೋರಿಸುವ ಕಡೆ ಸ್ಥಿರ ಮಾಪಕವು ಶೇ. 4.8 ಎಂದು ತೋರಿಸುತ್ತದೆ. ಎರಡೂ ಸರಿಯೇ. ಈ ವ್ಯತ್ಯಾಸವನ್ನು ಅರಿಯದೆ ಯಾವುದಾದರೊಂದು ಮಾಪಕ ಕೆಟ್ಟಿದೆಯೆಂದು ತಿರುಗಿಸಹೊರಟರೆ ಸರಿಯಿದ್ದುದೂ ತಪ್ಪಾಗುತ್ತದೆ. ನೀರಾವಿ ಹೆಚ್ಚಿರುವ ಬಗಾಸಿನ ಹೊಗೆಯಲ್ಲಿ ಈ ಅಂತರವು ಕಲ್ಲಿದ್ದಲಿನ ಹೊಗೆಯಲ್ಲಿರುವುದಕ್ಕಿಂತ ಹೆಚ್ಚು.

ನಿರ್ವಹಣೆ

ಪ್ರತಿದಿನ: ಬಳಕೆಯ ನಂತರ ನೀರಿನ ಬಟ್ಟಲನ್ನು ಬರಿದು ಮಾಡಿ ಒಣಗಿಸಬೇಕು. ಬಗಾಸ್ ಹೊಗೆಯಲ್ಲಿ ಬಟ್ಟಲು ಬೇಗ ತುಂಬುವುದರಿಂದ ಕೆಲಸದ ನಡುವೆಯೂ ನೋಡುತ್ತಿರಬೇಕು. ಬಟ್ಟಲನ್ನು ನೆಟ್ಟಗೆ ಹಿಡಿದಿರಬೇಕು. ನೀರು ಒಳನುಗ್ಗಿದರೆ ಪಂಪೂ ಸಂವೇದಕವೂ ಹಾಳಾಗುತ್ತವೆ. ಪ್ರೋಬಿನೊಳಗಿನ ಬೂದಿಯನ್ನು, ನಳಿಕೆಯನ್ನು ಬಿಡಿಸಿದ ನಂತರ ಮಾತ್ರ ಊದಿ ತೆಗೆಯಬೇಕು.

ಹಂಗಾಮಿನ ಆಚೆ: ಕಬ್ಬು ಅರೆಯುವ ಹಂಗಾಮು ವರ್ಷದ ಕೆಲವು ತಿಂಗಳುಗಳಷ್ಟೇ. ಉಳಿದ ತಿಂಗಳುಗಳಲ್ಲಿ ಉಪಕರಣವು ಪೆಟ್ಟಿಗೆಯಲ್ಲಿಯೇ ಉಳಿಯುವ ಸಂಭವ ಹೆಚ್ಚು. ಆದರೆ ಸಂವೇದಕಗಳಿಗೆ ಬಿಡುವಿಲ್ಲ. ಸೀಸದ ವಿದ್ಯುದ್ವಾರವುಳ್ಳ ಆಮ್ಲಜನಕ ಸಂವೇದಕವು ಬಳಸದಿದ್ದರೂ ಗಾಳಿಯ ಸಂಪರ್ಕದಿಂದ ಸವೆಯುತ್ತಲೇ ಇರುತ್ತದೆ. ಅದರ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಆದ್ದರಿಂದ ಬಿಡುವಿನ ಕಾಲದಲ್ಲಿಯೂ ಆಗಾಗ ಬ್ಯಾಟರಿಯನ್ನು ಚಾರ್ಜ್ ಮಾಡಿ, ಶುದ್ಧ ಗಾಳಿಯಲ್ಲಿ ಓಡಿಸಿ ನೋಡಬೇಕು. ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗಾಗಲಿ, ತಗಡಿನ ಶೆಡ್ಡಿನಲ್ಲಾಗಲಿ ಉಪಕರಣವನ್ನು ಇಡಬಾರದು. ಅತಿಯಾದ ಶಾಖದಿಂದ ಸಂವೇದಕದೊಳಗಿನ ದ್ರಾವಣ ಒಣಗುತ್ತದೆ. ದ್ರಾವಕ, ಬಣ್ಣ, ಸ್ಪಿರಿಟ್ ಇವುಗಳ ಆವಿಯಿಂದಲೂ ದೂರವಿಡಬೇಕು.

ವರ್ಷಕ್ಕೊಮ್ಮೆ: ಪ್ರಮಾಣವು ಖಚಿತವಾಗಿ ತಿಳಿದಿರುವ ಅನಿಲದ ಸಿಲಿಂಡರಿನಿಂದ ಉಪಕರಣದ ಅಂಕಿಗಳನ್ನು ತಾಳೆ ನೋಡಿ ಸರಿಪಡಿಸುವ ಕ್ರಮಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಭಾರತದಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳಿಂದ ಇದನ್ನು ಮಾಡಿಸಬಹುದು. ಹಂಗಾಮು ಆರಂಭವಾಗುವ ಮುನ್ನ ಮಾಡಿಸುವುದು ಯುಕ್ತ. ಪ್ರಮಾಣಪತ್ರದಲ್ಲಿ ದಿನಾಂಕ ಮಾತ್ರವಲ್ಲದೆ, ಸರಿಪಡಿಸುವ ಮೊದಲು ಎಷ್ಟು ವ್ಯತ್ಯಾಸವಿತ್ತು ಎಂಬುದನ್ನೂ ನೋಡಬೇಕು. ಹಿಂದಿನ ತಿಂಗಳುಗಳ ಅಳತೆಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಅದರಿಂದ ತಿಳಿಯುತ್ತದೆ. ಬದಲಾಯಿಸಿದ ಹಳೆಯ ಸಂವೇದಕಗಳಲ್ಲಿ ಸೀಸವೂ ರಾಸಾಯನಿಕ ದ್ರಾವಣವೂ ಇರುವುದರಿಂದ ಅವುಗಳನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು.

ಸಾಮಾನ್ಯ ದೋಷಗಳು

ಶುದ್ಧ ಗಾಳಿಯಲ್ಲಿಯೂ ಆಮ್ಲಜನಕವು 20.9ಕ್ಕೆ ಬಾರದಿದ್ದರೆ ಸಂವೇದಕದ ಆಯುಷ್ಯ ಮುಗಿದಿರುವ ಸಾಧ್ಯತೆ ಇದೆ. ಅಂಕಿಗಳು ಬಹಳ ನಿಧಾನವಾಗಿ ಬದಲಾದರೆ ಫಿಲ್ಟರ್ ಅಥವಾ ನಳಿಕೆ ಕಟ್ಟಿಕೊಂಡಿರಬಹುದು. ಮಾನಾಕ್ಸೈಡಿನ ಅಂಕಿಯು ಸೊನ್ನೆಗಿಂತ ಕೆಳಗೆ ಇಳಿದರೆ, ಕಲುಷಿತ ಗಾಳಿಯಲ್ಲಿ ಶೂನ್ಯ ಮಾಡಲಾಗಿದೆ ಎಂದು ಶಂಕಿಸಬೇಕು. ಉಷ್ಣತೆಯ ಅಂಕಿಯೇ ಬಾರದಿದ್ದರೆ ಉಷ್ಣಯುಗ್ಮದ ತಂತಿ ತುಂಡಾಗಿರಬಹುದು. ಮಾನಾಕ್ಸೈಡ್ ಸಂವೇದಕವು ಜಲಜನಕಕ್ಕೂ ಪ್ರತಿಕ್ರಿಯಿಸುವುದರಿಂದ, ಜಲಜನಕದ ಪರಿಹಾರ ವ್ಯವಸ್ಥೆ ಇಲ್ಲದ ಮಾದರಿಗಳು ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು. ಮಾನಾಕ್ಸೈಡ್ ಉಪಕರಣದ ಮಿತಿಯನ್ನು ಮೀರಿದರೆ ಕೂಡಲೇ ಪ್ರೋಬನ್ನು ಹೊರತೆಗೆದು ಶುದ್ಧ ಗಾಳಿ ಹಾಯಿಸಬೇಕು.

ಸುರಕ್ಷತೆ

ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೊಗ್ಲೋಬಿನ್‌ನೊಡನೆ ಸೇರಿಕೊಂಡು ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇವು ಮೊದಲ ಲಕ್ಷಣಗಳು. 1948ರ ಕಾರ್ಖಾನೆಗಳ ಕಾಯ್ದೆಯ ಅನುಸೂಚಿಯಲ್ಲಿ ಎಂಟು ಗಂಟೆಗಳ ಕೆಲಸದ ಅವಧಿಗೆ ಇದರ ಸರಾಸರಿ ಮಿತಿಯನ್ನು 50 ಪಿಪಿಎಂ ಎಂದು ನಿಗದಿಪಡಿಸಲಾಗಿತ್ತು. ಚಿಮಣಿಯೊಳಗೆ ಸಾಮಾನ್ಯವೆನಿಸುವ 200 ಪಿಪಿಎಂ ಮನುಷ್ಯ ಉಸಿರಾಡುವ ಗಾಳಿಯಲ್ಲಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ತರುತ್ತದೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಬಳಸಿದಾಗ ಸಂಭವಿಸುವ ಸಾವುಗಳಿಗೂ ಇದೇ ಅನಿಲ ಕಾರಣ.

ವಿಶ್ಲೇಷಕವು ಹೀರಿಕೊಂಡ ಹೊಗೆಯನ್ನು ತನ್ನ ಹಿಂಬದಿಯಿಂದ ಹೊರಬಿಡುತ್ತದೆ. ಆದ್ದರಿಂದ ಮುಚ್ಚಿದ ಸ್ಥಳದಲ್ಲಿ ಅದನ್ನು ಬಹುಕಾಲ ಓಡಿಸಬಾರದು. ಮಾದರಿ ರಂಧ್ರದ ಮುಚ್ಚಳ ತೆರೆಯುವಾಗ ಒಳಗಿನ ಒತ್ತಡ ಹೆಚ್ಚಿದ್ದರೆ ಬಿಸಿ ಹೊಗೆ ಹೊರಚಿಮ್ಮಬಹುದು. ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು, ಕೈಗವಸು ಮತ್ತು ಕನ್ನಡಕ ಧರಿಸಿ ಕೆಲಸ ಮಾಡಬೇಕು. ಹೊರತೆಗೆದ ಪ್ರೋಬ್ ಬಹಳ ಹೊತ್ತು ಸುಡುತ್ತಿರುತ್ತದೆ. ಎತ್ತರದ ವೇದಿಕೆಯ ಮೇಲೆ ಒಬ್ಬರೇ ಕೆಲಸ ಮಾಡಬಾರದು. ಫ್ಲೂ ಅನಿಲ ವಿಶ್ಲೇಷಕವು ಕೆಲಸಗಾರನ ಪ್ರಾಣರಕ್ಷಣೆಯ ಸಾಧನವಲ್ಲ. ಅದಕ್ಕಾಗಿ ಉಡುಪಿಗೆ ಸಿಕ್ಕಿಸಿಕೊಳ್ಳುವ ಪ್ರತ್ಯೇಕ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಬೇಕು.

ಮಿತಿಗಳು

ಕೈ ವಿಶ್ಲೇಷಕವು ಹೊಗೆಯಲ್ಲಿನ ಧೂಳಿನ ಪ್ರಮಾಣವನ್ನು ಅಳೆಯುವುದಿಲ್ಲ. ಬಗಾಸ್ ಮತ್ತು ಕಲ್ಲಿದ್ದಲಿನ ಚಿಮಣಿಗಳ ಸುತ್ತಲಿನ ಹಳ್ಳಿಗಳಿಗೆ ಹೆಚ್ಚು ಕಾಣುವ ತೊಂದರೆ ಬೀಳುವ ಬೂದಿಯದು. ಅದನ್ನು ಅಳೆಯಲು ಹೊಗೆಯ ವೇಗಕ್ಕೆ ಸರಿಸಮನಾದ ವೇಗದಲ್ಲಿ ಮಾದರಿ ಹೀರುವ ಬೇರೆಯೇ ವಿಧಾನವಿದೆ. ಕೈ ವಿಶ್ಲೇಷಕದ ಒಂದು ದಿನದ ಅಳತೆಯು ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕಾದ ಚಿಮಣಿ ಪರೀಕ್ಷೆಗೆ ಅಥವಾ ನಿರಂತರ ಮಾಪನಕ್ಕೆ ಬದಲಿಯಲ್ಲ. ಬಾಯ್ಲರಿನ ಬಳಿ ನಿಂತವರಿಗೆ ಉರಿಯ ಸ್ಥಿತಿಯನ್ನು ಆ ಹೊತ್ತಿಗೆ ತಿಳಿಸುವುದು ಇದರ ಕೆಲಸ. ಶುದ್ಧ ಗಾಳಿಯಲ್ಲಿ ಶೂನ್ಯ ಮಾಡಿದ, ಸೋರಿಕೆಯಿಲ್ಲದ, ಕ್ಯಾಲಿಬ್ರೇಷನ್ ಮುಗಿದ ಉಪಕರಣ ಮಾತ್ರ ಆ ಕೆಲಸವನ್ನು ಸರಿಯಾಗಿ ಮಾಡಬಲ್ಲದು.